ರಾಗಿಯ ವಂಶಾವಳಿ

ನಮ್ಮ ಶಾಲೆಯ ಆಟದ ಬಯಲಿನ ಅಂಚಿನಲ್ಲಿ, ಮಳೆಗಾಲ ಹತ್ತಿತೆಂದರೆ, ಒಂದು ಜಾತಿಯ ಹುಲ್ಲು ತಾನಾಗಿಯೇ ಹುಟ್ಟಿ ನೆಲವನ್ನು ಹಿಡಿದುಕೊಳ್ಳುವುದು. ಅದರ ಬುಡ ಚಪ್ಪಟೆಯಾಗಿ ಬೆಳ್ಳಗಿರುವುದು. ತುದಿಯಲ್ಲಿ ಕೈಬೆರಳುಗಳಂತೆ ಹರಡಿಕೊಂಡ ಸಣ್ಣ ತೆನೆಗಳಿರುವುವು. ಕೀಳಹೋದರೆ ಬೇರು ಸುಲಭವಾಗಿ ಕೈಗೆ ಬಾರದು. ಒಂದು ಶನಿವಾರ ಬಯಲನ್ನು ಚೊಕ್ಕಟ ಮಾಡುತ್ತಿದ್ದಾಗ, ಗುಂಡ್ಲುಪೇಟೆಯ ಕಡೆಯ ರೈತರೊಬ್ಬರ ಮಗಳು ಒಂದು ಬುಡವನ್ನು ಹಿಡಿದು ಬಂದು, “ಮಿಸ್, ಇಲ್ಲಿ ರಾಗಿ ಬಿತ್ತಿದವರು ಯಾರು?” ಎಂದು ಕೇಳಿದಳು. ಜೊತೆಯವರು ನಕ್ಕರು. ನಾವು ನಗಲಿಲ್ಲ, ಏಕೆಂದರೆ ಆ ಮಗುವಿನ ಕಣ್ಣು ಸರಿಯಾಗಿಯೇ ಕಂಡಿತ್ತು.

ಸಸ್ಯಶಾಸ್ತ್ರದಲ್ಲಿ ಆ ಕಳೆಗೆ ಎಲ್ಯೂಸೀನ್ ಇಂಡಿಕಾ ಎಂದು ಹೆಸರು. ನಮ್ಮ ರಾಗಿಗೆ ಎಲ್ಯೂಸೀನ್ ಕೊರಕಾನಾ ಎಂದು ಹೆಸರು. ಎರಡೂ ಒಂದೇ ಮನೆತನದವು. ಈ ಲೇಖನದಲ್ಲಿ ಆ ಕಳೆಯನ್ನು ಕಾಡುಹುಲ್ಲು ಎಂದು ಕರೆಯೋಣ. ಅಂದು ಆ ಬಾಲಿಕೆಗೆ ಕೊಟ್ಟ ಉತ್ತರ ಒಂದು ಪಾಠದ ಹೊತ್ತಿನಲ್ಲಿ ಮುಗಿಯಲಿಲ್ಲ. ಅದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಮಕ್ಕಳ ತಂದೆತಾಯಂದಿರ ಮುಂದೆ ಈ ಸ್ಮರಣ ಸಂಚಿಕೆಯಲ್ಲಿ ಇಡುವುದು ಉಚಿತವೆಂದು ತೋರಿತು. ಪ್ರತಿದಿನ ಮುದ್ದೆಯಾಗಿ, ಅಂಬಲಿಯಾಗಿ, ರೊಟ್ಟಿಯಾಗಿ ನಮ್ಮನ್ನು ಸಾಕುವ ಧಾನ್ಯದ ಹಿರಿಯರು ಯಾರೆಂಬುದನ್ನು ನಾವು ಅರಿತಿರಬೇಡವೆ?

೧. ನಾಲ್ಕು ಅಕ್ಷರಗಳ ಬರಹ

ಪ್ರತಿಯೊಂದು ಗಿಡದ ದೇಹವೂ ಬರಿಗಣ್ಣಿಗೆ ಕಾಣದ ಜೀವಕೋಶಗಳಿಂದ ಕೂಡಿದೆ. ಕೋಶದ ನಡುವಣ ಕೇಂದ್ರದಲ್ಲಿ ವರ್ಣತಂತುಗಳೆಂಬ ಎಳೆಗಳಿವೆ. ಈ ಎಳೆಗಳಲ್ಲಿ ಡಿ.ಎನ್.ಎ. ಎಂಬ ವಸ್ತುವಿದೆ. ಅದರ ಆಕಾರ ತಿರುಚಿದ ಏಣಿಯಂತಿರುವುದೆಂದು ೧೯೫೩ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬುವರು ತೋರಿಸಿಕೊಟ್ಟರು. ಅವರಿಗೆ ಆಧಾರವಾದ ಕ್ಷ-ಕಿರಣ ಚಿತ್ರಗಳು ರೊಸಾಲಿಂಡ್ ಫ್ರಾಂಕ್ಲಿನ್ ಎಂಬ ಮಹಿಳೆಯ ಶ್ರಮದಿಂದ ದೊರೆತವು. ಆ ಏಣಿಯ ಮೆಟ್ಟಿಲುಗಳಲ್ಲಿ ನಾಲ್ಕೇ ಬಗೆಯ ಘಟಕಗಳಿವೆ. ಅವುಗಳನ್ನು ಎ, ಟಿ, ಜಿ, ಸಿ ಎಂಬ ನಾಲ್ಕು ಅಕ್ಷರಗಳಿಂದ ಗುರುತಿಸುತ್ತಾರೆ. ನಾವು ಐವತ್ತರ ಸಮೀಪದ ಅಕ್ಷರಗಳಿಂದ ಬರೆಯುವವರು. ಗಿಡವು ನಾಲ್ಕರಿಂದಲೇ ತನ್ನ ಬೇರು, ಎಲೆ, ತೆನೆ, ಕಾಳುಗಳ ವಿಷಯವನ್ನೆಲ್ಲ ಬರೆದಿಟ್ಟುಕೊಂಡಿದೆ.

ಈ ಬರಹದಲ್ಲಿ ಒಂದು ಕೆಲಸವನ್ನು ನಡೆಸಲು ಬೇಕಾದ ವಾಕ್ಯಕ್ಕೆ ವಂಶವಾಹಿ ಎಂದು ಹೆಸರು. ಎಲ್ಲ ವಾಕ್ಯಗಳೂ ಅವುಗಳ ನಡುವಣ ಬರಹವೂ ಸೇರಿದ ಇಡೀ ಗ್ರಂಥಕ್ಕೆ ಜೀನೋಮು ಎಂದು ಹೆಸರು. ಭತ್ತದ ಗ್ರಂಥದಲ್ಲಿ ಸುಮಾರು ೩೯ ಕೋಟಿ ಅಕ್ಷರಗಳಿವೆ. ರಾಗಿಯದರಲ್ಲಿ ಸುಮಾರು ೧೪೫ ಕೋಟಿ. ಮನುಷ್ಯರದರಲ್ಲಿ ಸುಮಾರು ೩೦೦ ಕೋಟಿ. ಅಕ್ಷರಗಳ ಸಂಖ್ಯೆಯಿಂದ ಯಾವ ಜೀವಿಯ ಹೆಚ್ಚು ಕಡಿಮೆಯನ್ನೂ ಅಳೆಯಲಾಗದು. ರಾಗಿಯ ಬರಹದಲ್ಲಿ ಅರ್ಧದಷ್ಟು ಭಾಗ ಮತ್ತೆ ಮತ್ತೆ ಬಂದ ಮಾತುಗಳೇ ಆಗಿವೆ.

ಹಿಂದೆ ಓಲೆಗರಿಯ ಗ್ರಂಥಗಳನ್ನು ಕೈಯಿಂದ ಪ್ರತಿಮಾಡುತ್ತಿದ್ದರಷ್ಟೆ. ಎಷ್ಟೇ ಎಚ್ಚರದಿಂದ ಬರೆದರೂ ಪ್ರತಿಕಾರನ ಕೈಯಲ್ಲಿ ಒಂದೆರಡು ಅಕ್ಷರಗಳು ತಪ್ಪುತ್ತಿದ್ದುವು. ಆ ಪ್ರತಿಯಿಂದ ಮತ್ತೊಂದು ಪ್ರತಿಯಾದರೆ ಆ ತಪ್ಪೂ ಮುಂದುವರಿಯುತ್ತಿತ್ತು. ಪಂಡಿತರು ಹಲವು ಪ್ರತಿಗಳನ್ನು ಹರಡಿಕೊಂಡು, ಯಾವ ತಪ್ಪು ಯಾವುದರಲ್ಲಿದೆ ಎಂದು ನೋಡಿ, ಯಾವ ಪ್ರತಿ ಯಾವುದರಿಂದ ಹುಟ್ಟಿತೆಂದು ಗೊತ್ತುಮಾಡುತ್ತಾರೆ. ಗಿಡಗಳ ಜೀನೋಮನ್ನು ಓದುವ ವಿಜ್ಞಾನಿಗಳ ಕೆಲಸವೂ ಹೀಗೆಯೇ. ತಾಯಿಗಿಡದಿಂದ ಬೀಜಕ್ಕೆ ಬರಹ ಪ್ರತಿಯಾಗುವಾಗ ಆಗೊಮ್ಮೆ ಈಗೊಮ್ಮೆ ಅಕ್ಷರ ಬದಲಾಗುವುದು. ಹೆಚ್ಚಿನ ಬದಲಾವಣೆಗಳಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ; ಕೆಲವು ಗಿಡವನ್ನು ಕೆಡಿಸುವುವು; ಅಪರೂಪವಾಗಿ ಒಂದು ಅದನ್ನು ಉಳಿಸುವುದು.

೨. ಎರಡು ಹುಲ್ಲುಗಳ ಸಂತಾನ

ಈಗ ಒಂದು ಸಣ್ಣ ಲೆಕ್ಕವನ್ನು ನೋಡಿರಿ. ಕಾಡುಹುಲ್ಲಿನ ಕೋಶದಲ್ಲಿ ೧೮ ವರ್ಣತಂತುಗಳಿವೆ; ರಾಗಿಯ ಕೋಶದಲ್ಲಿ ೩೬. ಸರಿಯಾಗಿ ಎರಡರಷ್ಟು. ಇದು ಆಕಸ್ಮಿಕವೋ, ನೆಂಟಸ್ತನವೋ? ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರಾದ ಹಿರೇಮಠ ಮತ್ತು ಸಾಲಿಮಠ ಎಂಬುವರು ಇವೆರಡನ್ನೂ ಕೂಡಿಸಿ ಮಿಶ್ರತಳಿಯನ್ನು ಪಡೆದು ಪರೀಕ್ಷಿಸಿ, ೧೯೯೨ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಮಗುವಿಗೆ ತಂದೆತಾಯಿಗಳಿಂದ ಅರ್ಧರ್ಧ ಬರುವಂತೆ, ಮಿಶ್ರತಳಿಗೆ ರಾಗಿಯಿಂದ ೧೮, ಕಾಡುಹುಲ್ಲಿನಿಂದ ೯, ಒಟ್ಟು ೨೭ ವರ್ಣತಂತುಗಳು ಬಂದುವು. ಹೂವಿನಲ್ಲಿ ಪರಾಗವು ಸಿದ್ಧವಾಗುವ ಕಾಲದಲ್ಲಿ ಒಂದನ್ನೊಂದು ಹೋಲುವ ವರ್ಣತಂತುಗಳು ಜೊತೆಗೂಡುವುದು ನಿಯಮ. ಇಲ್ಲಿ ಕಾಡುಹುಲ್ಲಿನ ಒಂಬತ್ತೂ ರಾಗಿಯ ಒಂಬತ್ತರೊಡನೆ ಜೊತೆಯಾದುವು. ಉಳಿದ ಒಂಬತ್ತು ಜೊತೆಯಿಲ್ಲದೆ ನಿಂತುವು. ಅರ್ಥವೇನು? ರಾಗಿಯ ಅರ್ಧ ವರ್ಣತಂತುಗಳು ಈ ಕಾಡುಹುಲ್ಲಿನ ವಂಶದವು. ಇನ್ನರ್ಧ ಬೇರೊಂದು ಹುಲ್ಲಿನವು. ಬಹು ಹಿಂದೆ ಎರಡು ಹುಲ್ಲುಗಳು ಕೂಡಿ, ಎರಡರ ಗ್ರಂಥಗಳೂ ಒಂದೇ ಹೊದಿಕೆಯೊಳಗೆ ಸೇರಿ ಒಂದು ಹೊಸ ಕಾಡುಜಾತಿ ಹುಟ್ಟಿತು. ಅದನ್ನು ಮನುಷ್ಯರು ಬೇಸಾಯಕ್ಕೆ ತಂದಾಗ ರಾಗಿಯಾಯಿತು.

ಹಾಗಾದರೆ ಆ ಎರಡನೆಯ ಹುಲ್ಲು ಯಾವುದು? ವಿಜ್ಞಾನಿಗಳು ಆಫ್ರಿಕಾದಲ್ಲಿಯೂ ಬೇರೆಡೆಗಳಲ್ಲಿಯೂ ಹುಡುಕಿದರು. ರಾಗಿಯ ನೆಂಟರಾದ ಹುಲ್ಲುಗಳನ್ನೆಲ್ಲ ಹೋಲಿಸಿ ನೋಡಿದರು. ಬದುಕಿರುವ ಯಾವ ಹುಲ್ಲೂ ಆ ಒಂಬತ್ತು ವರ್ಣತಂತುಗಳಿಗೆ ಸರಿಯಾದ ಜೊತೆಯಾಗಲಿಲ್ಲ. ಅದು ಭೂಮಿಯಿಂದಲೇ ಅಳಿದುಹೋಗಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಆ ಹುಲ್ಲಿನ ಒಂದು ಗರಿಯೂ ಇಂದು ಎಲ್ಲಿಯೂ ಹಸುರಾಗಿಲ್ಲ. ಆದರೆ ಅದರ ಬರಹ ಮಾತ್ರ ನಮ್ಮ ಹೊಲದ ರಾಗಿಯಲ್ಲಿ ವರ್ಷವರ್ಷವೂ ಮೊಳೆಯುತ್ತಿದೆ. ಕಳೆದುಹೋದ ಗ್ರಂಥವೊಂದು ಮತ್ತೊಂದು ಗ್ರಂಥದೊಳಗೆ ಸೇರಿಕೊಂಡು ಉಳಿದಂತೆ ಇದು.

೩. ಉದುರದ ತೆನೆ

ಕಾಡುಹುಲ್ಲಿನ ಮಾಗಿದ ತೆನೆಯನ್ನು ಅಂಗೈಯಲ್ಲಿ ಉಜ್ಜಿದರೆ ಕಾಳು ಥಟ್ಟನೆ ಉದುರುವುದು. ಗಾಳಿ ಬೀಸಿದರೂ ಉದುರುವುದು. ರಾಗಿಯ ಮಾಗಿದ ತೆನೆಯನ್ನಾದರೋ ಕೊಯ್ದು, ಮೆದೆ ಒಟ್ಟಿ, ಕಣದಲ್ಲಿ ಹರಡಿ, ಕಲ್ಲಿನ ಗುಂಡನ್ನು ಹೊರಳಿಸಿದ ಮೇಲೆಯೇ ಕಾಳು ಬಿಡುವುದು. ಈ ಒಂದು ವ್ಯತ್ಯಾಸದಲ್ಲಿ ಬೇಸಾಯದ ಆದಿಯೇ ಅಡಗಿದೆ.

ಕಾಡಿನಲ್ಲಿ ಉದುರುವ ಗಿಡಕ್ಕೇ ಮೇಲುಗೈ. ಅದರ ಬೀಜ ಹರಡಿ ವಂಶ ಬೆಳೆಯುವುದು. ಆದರೆ ಸುಮಾರು ೫೦೦೦ ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಇಥಿಯೋಪಿಯಾ, ಉಗಾಂಡ ಪ್ರಾಂತಗಳ ಎತ್ತರದ ನಾಡಿನಲ್ಲಿ ಜನರು ರಾಗಿಯ ಮೂಲವಾದ ಆ ಹೊಸ ಕಾಡುಜಾತಿಯ ತೆನೆಯನ್ನು ಕೊಯ್ದು ತರತೊಡಗಿದರು. ಉದುರಿದ ಕಾಳು ನೆಲದ ಪಾಲಾಯಿತು. ಉದುರದೆ ನಿಂತ ಕಾಳು ಕೈಗೆ ಸಿಕ್ಕಿತು. ಮರುವರ್ಷ ಬಿತ್ತಿದ್ದು ಕೈಗೆ ಸಿಕ್ಕಿದ್ದನ್ನೇ. ಕಾಡಿನಲ್ಲಿ ಗಿಡದ ವಂಶವನ್ನೇ ಅಳಿಸಬಲ್ಲ ಒಂದು ದೋಷ ಮನುಷ್ಯರ ಮನೆಯಲ್ಲಿ ಗುಣವಾಯಿತು. ಚಾರ್ಲ್ಸ್ ಡಾರ್ವಿನ್ ೧೮೫೯ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿಸರ್ಗದ ಆಯ್ಕೆಯನ್ನು ವಿವರಿಸುವ ಮುನ್ನ ಸಾಕುಪ್ರಾಣಿ ಮತ್ತು ಬೆಳೆಗಳಲ್ಲಿ ಮನುಷ್ಯರು ಮಾಡುವ ಆಯ್ಕೆಯನ್ನೇ ಮೊದಲು ವಿವರಿಸಿದುದು ಇದೇ ಕಾರಣದಿಂದ.

ರಾಗಿ ಆಫ್ರಿಕಾದಿಂದ ನಮ್ಮ ದೇಶಕ್ಕೆ ಬಂದುದು ಸಾವಿರಾರು ವರ್ಷಗಳ ಹಿಂದೆ. ಇಲ್ಲಿಯ ಮಣ್ಣು ಬೇರೆ, ಮಳೆ ಬೇರೆ, ಕೈ ಬೇರೆ. ಕೆಂಪು ನೆಲದ ಒಂದು ಊರಿನಲ್ಲಿ ಮುಷ್ಟಿಯಂತೆ ಮುಚ್ಚಿಕೊಂಡ ತೆನೆಯನ್ನು ಆರಿಸಿಕೊಂಡರು. ಮತ್ತೊಂದು ಊರಿನಲ್ಲಿ ಬೆರಳು ಬಿಡಿಸಿದಂತಹ ತೆನೆಯನ್ನು. ಒಬ್ಬರಿಗೆ ಹುಲ್ಲು ದನಕ್ಕೆ ಹೆಚ್ಚಾಗಿ ಬೇಕಾಯಿತು. ಮತ್ತೊಬ್ಬರಿಗೆ ಬೇಗ ಕೊಯ್ಲಿಗೆ ಬರುವುದು ಬೇಕಾಯಿತು. ಹೀಗೆ ಉಂಡೆರಾಗಿ, ಗಿಡ್ಡರಾಗಿ, ಹಸಿರುಕಡ್ಡಿ, ಜೇನುಗೂಡು, ಕೋಣನಕೊಂಬು, ರುದ್ರಜಡೆ, ಮಜ್ಜಿಗೆರಾಗಿ ಎಂದು ಮುಂತಾಗಿ ಕನ್ನಡನಾಡಿನಲ್ಲಿ ಹಲವು ತಳಿಗಳಾದುವು. ಕಣದ ಅಂಚಿನಲ್ಲಿ ಕುಳಿತು, ಮುಂದಿನ ವರ್ಷದ ಬಿತ್ತನೆಗೆಂದು ತೆನೆಗಳನ್ನು ಬೇರೆಯಾಗಿ ಆರಿಸಿಟ್ಟವರು ಬಹುಮಟ್ಟಿಗೆ ಮನೆಯ ಹೆಂಗಸರು. ಅಕ್ಷರ ಬಾರದ ಆ ಕೈಗಳೇ ಈ ನಾಲ್ಕು ಅಕ್ಷರಗಳ ಗ್ರಂಥವನ್ನು ತಿದ್ದಿದ ಕೈಗಳು.

೪. ಬರಗಾಲದಲ್ಲಿ ತೆರೆಯುವ ಪುಟಗಳು

ನಮ್ಮ ಚಾಮರಾಜನಗರ, ಗುಂಡ್ಲುಪೇಟೆಗಳು ಘಟ್ಟಗಳ ಮಳೆನೆರಳಿನಲ್ಲಿರುವ ಊರುಗಳು. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡಿನ ದಾರಿಯಲ್ಲಿ ವಯನಾಡಿಗೆ ಹೋದವರಿಗೆ ಇದು ಗೊತ್ತಿದೆ: ಅಲ್ಲಿ ಸುರಿಯುವ ಮಳೆಯ ಅರ್ಧದಷ್ಟೂ ಇಲ್ಲಿ ಬೀಳದು. ಪುಷ್ಯ, ಆಶ್ಲೇಷ ಮಳೆಗಳನ್ನು ನೆಚ್ಚಿ ಬಿತ್ತಿದ ರೈತರು ಮಘೆ, ಹುಬ್ಬೆಗಳು ಕೈಕೊಟ್ಟಾಗ ಆಕಾಶವನ್ನು ನೋಡುತ್ತ ನಿಲ್ಲುವರು. ಆಗ ರಾಗಿಯ ಪೈರು ಬಾಡಿ, ಎಲೆ ಸುರುಳಿಕೊಂಡು ಸತ್ತಂತೆ ತೋರುವುದು. ಒಂದು ಹದ ಮಳೆಯಾದರೆ ಮತ್ತೆ ತಲೆಯೆತ್ತುವುದು.

ಇದರ ಒಂದು ಕಾರಣ ಎಲೆಯ ಒಳರಚನೆ. ಎಲೆಯ ಮೇಲೆ ಪತ್ರರಂಧ್ರಗಳೆಂಬ ಸಣ್ಣ ಬಾಯಿಗಳಿವೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಒಳಗೆ ಬಿಟ್ಟುಕೊಳ್ಳಲು ಗಿಡ ಅವುಗಳನ್ನು ತೆರೆಯಬೇಕು. ತೆರೆದರೆ ನೀರು ಆವಿಯಾಗಿ ಹೋಗುವುದು. ರಾಗಿ, ಜೋಳ, ಕಬ್ಬುಗಳು ಆ ಅನಿಲವನ್ನು ಮೊದಲು ಒಂದೆಡೆ ಹಿಡಿದಿಟ್ಟು, ಒಳಗಿನ ಕೋಶಗಳಿಗೆ ಒತ್ತಾಗಿ ಒದಗಿಸುವ ವಿಶೇಷ ಕ್ರಮವನ್ನು ಪಡೆದಿವೆ. ಆದುದರಿಂದ ಬಾಯಿಯನ್ನು ಹೆಚ್ಚು ತೆರೆಯದೆಯೂ ಅವು ಆಹಾರವನ್ನು ತಯಾರಿಸಬಲ್ಲವು. ಭತ್ತಕ್ಕೆ ಈ ಕ್ರಮವಿಲ್ಲ.

ಇಲ್ಲಿ ವಿದ್ಯಾರ್ಥಿನಿಯರು ಹಲವು ವೇಳೆ ತಪ್ಪುವ ಒಂದು ವಿಷಯವನ್ನು ತಿಳಿಸಬೇಕಾಗಿದೆ. ಒಂದು ಗಿಡ ತನ್ನ ಜೀವಮಾನದಲ್ಲಿ ಬರವನ್ನು ತಾಳಿಕೊಳ್ಳುವುದು ಬೇರೆ. ಒಂದು ತಳಿ ತಲೆಮಾರುಗಳಲ್ಲಿ ಬರಕ್ಕೆ ಹೊಂದಿಕೊಳ್ಳುವುದು ಬೇರೆ. ಮೊದಲನೆಯದರಲ್ಲಿ ಗ್ರಂಥ ಬದಲಾಗುವುದಿಲ್ಲ. ನೀರು ಕಡಿಮೆಯಾದೊಡನೆ ಮುಚ್ಚಿದ್ದ ಕೆಲವು ಪುಟಗಳು ತೆರೆದುಕೊಳ್ಳುವುವು, ಅಷ್ಟೆ. ಎರಡನೆಯದರಲ್ಲಿ ಗ್ರಂಥವೇ ಬದಲಾಗುವುದು: ತಾಳಲಾರದ ಗಿಡಗಳು ಬೀಜ ಬಿಡದೆ ಹೋಗುವುವು, ತಾಳಿದವುಗಳ ಬರಹ ಮುಂದಿನ ಬಿತ್ತನೆಗೆ ಉಳಿಯುವುದು.

ಎರಡನೆಯದಕ್ಕೆ ನಮ್ಮ ಆಟದ ಬಯಲಿನ ಕಾಡುಹುಲ್ಲೇ ಸಾಕ್ಷಿ. ಮಲೇಷ್ಯಾ ದೇಶದ ತೋಟಗಳಲ್ಲಿ ಗ್ಲೈಫೊಸೇಟ್ ಎಂಬ ಕಳೆನಾಶಕವನ್ನು ವರ್ಷಗಟ್ಟಲೆ ಸಿಂಪಡಿಸಿದರು. ೧೯೯೦ರ ದಶಕದ ಕೊನೆಯ ಹೊತ್ತಿಗೆ ಆ ಔಷಧಕ್ಕೆ ಸಾಯದ ಕಾಡುಹುಲ್ಲು ಅಲ್ಲಿ ಕಾಣಿಸಿಕೊಂಡಿತು. ಪರೀಕ್ಷಿಸಿದಾಗ, ಆ ವಿಷವು ಹಿಡಿಯುವ ಒಂದು ಕಿಣ್ವದ ವಂಶವಾಹಿಯಲ್ಲಿ ಅತ್ಯಲ್ಪ ಬದಲಾವಣೆಯಾಗಿತ್ತು. ವಿಷವು ಆ ಬದಲಾವಣೆಯನ್ನು ಹುಟ್ಟಿಸಲಿಲ್ಲ. ಬದಲಾಗಿದ್ದ ಗಿಡಗಳನ್ನು ಮಾತ್ರ ಉಳಿಸಿ ಮಿಕ್ಕವನ್ನು ಕೊಂದಿತು. ಸಾವಿರ ವರ್ಷಗಳೇ ಬೇಕೆಂದಿಲ್ಲ. ಕೆಲವು ದಶಕಗಳೂ ಸಾಕು.

೫. ಗ್ರಂಥವನ್ನು ಓದಿದವರು

ಹೂಬಿಡುವ ಗಿಡಗಳಲ್ಲಿ ಮೊದಲು ಜೀನೋಮನ್ನು ಓದಿ ಮುಗಿಸಿದ್ದು ೨೦೦೦ರಲ್ಲಿ, ಸಾಸಿವೆಯ ಜಾತಿಯ ಒಂದು ಸಣ್ಣ ಕಳೆಯದು. ೨೦೦೫ರಲ್ಲಿ ಭತ್ತದ್ದು ಪೂರ್ಣವಾಯಿತು. ಬಡವರ ಧಾನ್ಯವೆಂದು ಹಿಂದೆ ಬಿದ್ದಿದ್ದ ರಾಗಿಯ ಸರದಿ ಬಂದುದು ೨೦೧೭ರಲ್ಲಿ. ಆ ಕೆಲಸ ನಡೆದುದು ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ; ಅದರ ಮುಂದಾಳು ಡಾಕ್ಟರ್ ಶೈಲಜಾ ಹಿತ್ತಲಮನಿ ಎಂಬ ಕನ್ನಡನಾಡಿನ ವಿಜ್ಞಾನಿ ಮಹಿಳೆ. ಬರವನ್ನು ತಾಳುವ ಎಂ.ಎಲ್. ೩೬೫ ಎಂಬ ತಳಿಯನ್ನು ಆರಿಸಿಕೊಂಡು, ಅದರ ಬರಹದ ಸುಮಾರು ನೂರಕ್ಕೆ ೮೨ ಪಾಲನ್ನು ಜೋಡಿಸಿ, ೮೫,೨೪೩ ವಂಶವಾಹಿಗಳನ್ನು ಗುರುತಿಸಿದರು. ನೀರು ಕೊಟ್ಟ ಗಿಡವನ್ನೂ ನೀರು ಕಡಿಮೆಮಾಡಿದ ಗಿಡವನ್ನೂ ಹೋಲಿಸಿ, ಬರದಲ್ಲಿ ಯಾವ ಪುಟಗಳು ತೆರೆಯುವುವೆಂಬುದನ್ನೂ ನೋಡಿದರು. ೨೦೨೩ರಲ್ಲಿ ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾನಿಲಯದ ಕ್ಯಾಟ್ರಿಯನ್ ಡೆವೊಸ್ ಎಂಬ ಮಹಿಳೆಯೂ ಅವರ ಸಂಗಡಿಗರೂ ಆಫ್ರಿಕಾದ ಒಂದು ತಳಿಯ ಬರಹವನ್ನು ವರ್ಣತಂತುಗಳ ಕ್ರಮದಲ್ಲಿ ಇನ್ನೂ ಪೂರ್ಣವಾಗಿ ಹೊರತಂದರು.

ಇದಕ್ಕೂ ಹಿಂದೆ ಜಾನಕಿ ಅಮ್ಮಾಳ್ ಎಂಬುವರಿದ್ದರು. ಘಟ್ಟದಾಚೆಯ ತಲಶ್ಶೇರಿಯಲ್ಲಿ ೧೮೯೭ರಲ್ಲಿ ಹುಟ್ಟಿ, ಅಲ್ಲಿಯ ಕಾನ್ವೆಂಟ್ ಶಾಲೆಯಲ್ಲಿ ಓದಿ, ಮದರಾಸಿನ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪಾಠ ಹೇಳಿ, ೧೯೩೧ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. ನಮ್ಮ ನೆರೆಯ ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಕೆಲಸಮಾಡಿದರು. ಬೇಸಾಯದ ಗಿಡಗಳ ವರ್ಣತಂತುಗಳ ಸಂಖ್ಯೆಯನ್ನು ಒಟ್ಟುಗೂಡಿಸಿದ ದೊಡ್ಡ ಗ್ರಂಥವನ್ನು ಡಾರ್ಲಿಂಗ್ಟನ್ ಎಂಬ ವಿಜ್ಞಾನಿಯೊಡನೆ ೧೯೪೫ರಲ್ಲಿ ಪ್ರಕಟಿಸಿದರು. ಹೆಣ್ಣುಮಕ್ಕಳಿಗೆ ವಿಜ್ಞಾನದ ಓದು ದೂರವಾಯಿತು, ಭಾರವಾಯಿತು ಎಂದು ಪ್ರತಿವರ್ಷವೂ ನಮ್ಮ ಕೊಠಡಿಗೆ ಬಂದು ಹೇಳುವ ತಂದೆತಾಯಂದಿರು ಈ ಹೆಸರುಗಳನ್ನು ನೆನಪಿನಲ್ಲಿಡಬೇಕೆಂದು ನಮ್ಮ ಬಿನ್ನಹ.

೬. ಗಂಟಿನಲ್ಲಿದ್ದ ರಾಗಿ

ಇನ್ನು, ಈ ಪಾಠವನ್ನು ಬರೆಯಲು ನಮ್ಮನ್ನು ಪ್ರೇರಿಸಿದ ಸಂಗತಿಯನ್ನು ಹೇಳಿ ಮುಗಿಸುವೆವು. ಆಟದ ಬಯಲಿನ ಪ್ರಶ್ನೆ ಬಂದ ಮೇಲೆ, ಮನೆಯಲ್ಲಿ ಬಿತ್ತುವ ರಾಗಿಯ ಹೆಸರನ್ನು ಕೇಳಿಕೊಂಡು ಬನ್ನಿರೆಂದು ಬಾಲಿಕೆಯರಿಗೆ ಹೇಳಿದೆವು. ಹೆಚ್ಚಿನವರು ಅಂಗಡಿಯಲ್ಲಿ ತಂದ ಬೀಜದ ಸಂಖ್ಯೆಯನ್ನು ತಂದರು. ಕೆಲವರು ನ್ಯಾಯಬೆಲೆ ಅಂಗಡಿಯ ರಾಗಿ ಎಂದರು. ಒಬ್ಬಳ ತಾಯಿ, ನಮ್ಮ ಹಳೆಯ ವಿದ್ಯಾರ್ಥಿನಿಯೇ ಆದವರು, ತಾವೇ ಶಾಲೆಗೆ ಬಂದರು. ಅವರ ಅತ್ತೆ ಪ್ರತಿವರ್ಷವೂ ಒಂದು ಹಳೆಯ ರಾಗಿಯ ತೆನೆಗಳನ್ನು ಬಟ್ಟೆಯಲ್ಲಿ ಕಟ್ಟಿ, ಒಲೆಯ ಮೇಲೆ ಹೊಗೆ ತಾಗುವಂತೆ ತೂಗುಹಾಕಿ, ಹೊಲದ ಒಂದು ಮೂಲೆಯಲ್ಲಿ ತಪ್ಪದೆ ಬಿತ್ತಿಸುತ್ತಿದ್ದರಂತೆ. ಅವರು ತೀರಿಕೊಂಡ ವರ್ಷ ಮನೆಯ ಗಡಿಬಿಡಿಯಲ್ಲಿ ಯಾರೋ ಆ ಗಂಟನ್ನು ಬಿಚ್ಚಿ, ಮಿಕ್ಕ ರಾಗಿಯೊಡನೆ ಬೆರೆಸಿ ಗಿರಣಿಗೆ ಕಳುಹಿಸಿದರು. “ಆ ದಿನದ ಮುದ್ದೆಯೂ ಎಂದಿನ ಹಾಗೆಯೇ ಇತ್ತು ಮಿಸ್, ಯಾರಿಗೂ ಗೊತ್ತಾಗಲಿಲ್ಲ. ಅದರ ಹೆಸರನ್ನೂ ನಾನು ಅತ್ತೆಯವರನ್ನು ಕೇಳಿರಲಿಲ್ಲ. ಈಗ ಬೆಂಗಳೂರಿನಲ್ಲಿ ಇಷ್ಟೆಲ್ಲ ಓದುತ್ತಾರಲ್ಲ, ಅದನ್ನು ಮತ್ತೆ ಪಡೆಯಬಹುದೆ?” ಎಂದು ಕೇಳಿದರು.

ಪಡೆಯಲಾಗದೆಂದು ಹೇಳಬೇಕಾಯಿತು. ಹಿಟ್ಟಿನಲ್ಲಿಯೂ ಬರಹವಿದೆ, ಅದನ್ನು ಓದಬಹುದು. ಆದರೆ ಹಿಟ್ಟನ್ನು ಬಿತ್ತಲಾಗದು. ಆ ಎರಡನೆಯ ಹುಲ್ಲಿಗಾದರೋ ತನ್ನ ಬರಹವನ್ನು ಹೊತ್ತು ಬರಲು ರಾಗಿಯಿತ್ತು. ಈ ರಾಗಿಗೆ ಯಾರೂ ಇರಲಿಲ್ಲ.

ರೈತರನ್ನು ದೂರುವುದು ನಮ್ಮ ಉದ್ದೇಶವಲ್ಲ. ಹೊಸ ತಳಿಗಳಿಂದ ನಾಡಿಗೆ ಉಪಕಾರವಾಗಿದೆ. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ಇಳುವರಿ ಏರಿತು. ಬೆಂಕಿ ರೋಗವನ್ನು ತಡೆಯುವ ಜಿ.ಪಿ.ಯು. ೨೮ರಂತಹ ತಳಿಗಳೂ ಆಮೇಲೆ ಬಂದುವು. ಆದರೆ ಹೊಸ ತಳಿಯ ತಾಯಿ ತಂದೆಗಳು ಯಾರು? ಹಳೆಯ ತಳಿಗಳೇ. ನಾಳೆ ಹೊಸ ರೋಗವೋ ಹೊಸ ಬಗೆಯ ಬರವೋ ಬಂದರೆ, ಅದಕ್ಕೆ ಉತ್ತರ ಯಾವ ಹಳೆಯ ರಾಗಿಯ ಯಾವ ಪುಟದಲ್ಲಿದೆಯೋ ಯಾರು ಬಲ್ಲರು? ದೊಡ್ಡ ಬೀಜಭಂಡಾರಗಳಲ್ಲಿ ಸಾವಿರಾರು ತಳಿಗಳನ್ನು ಶೀತದಲ್ಲಿ ಕಾಪಾಡುತ್ತಾರೆ. ಅದು ಅವಶ್ಯವಾದ ಕಾರ್ಯ. ಆದರೆ ಅಲ್ಲಿ ಬೀಜ ಮಲಗಿರುವುದು. ಹೊಲದಲ್ಲಿರುವ ಬೀಜವಾದರೋ ಪ್ರತಿವರ್ಷದ ಮಳೆಯಿಂದಲೂ ಬರದಿಂದಲೂ ಹೊಸ ಪರೀಕ್ಷೆಗೆ ಒಳಗಾಗುವುದು. ಎರಡೂ ಬೇಕು.

ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕಾಂಪೌಂಡಿನ ಆಚೆಗೇ ರಾಗಿಯ ಹೊಲವಿದ್ದರೂ, ಅನೇಕ ವರ್ಷ ನಾವು ಪುಸ್ತಕದ ಚಿತ್ರವನ್ನೇ ತೋರಿಸಿ ಸಸ್ಯಶಾಸ್ತ್ರವನ್ನು ಕಲಿಸಿದೆವು. ನೂರು ಗ್ರಾಮಿಗೆ ೩೪೦ ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶವುಳ್ಳ ಈ ಧಾನ್ಯದ ಮುದ್ದೆಯನ್ನು ಊಟದ ಡಬ್ಬಿಯಲ್ಲಿ ತರಲು ನಾಚುವ ಬಾಲಿಕೆಯರನ್ನು ನೋಡಿಯೂ ಸುಮ್ಮನಿದ್ದೆವು. ಈಗ ಬಯಲಿನ ಆ ಅಂಚಿನಲ್ಲಿ ಒಂದು ಸಣ್ಣ ಮಡಿಯನ್ನು ಮಾಡಿಸಿದ್ದೇವೆ. ಒಂದು ಸಾಲು ಕಾಡುಹುಲ್ಲು, ಪಕ್ಕದಲ್ಲಿ ರಾಗಿ. ಎರಡರ ನಡುವೆ ಇನ್ನೂ ಹಲವು ಸಾಲುಗಳಿಗೆ ಸ್ಥಳ ಬಿಟ್ಟಿದ್ದೇವೆ.

ಮನೆಯಲ್ಲಿ ಮಾಡತಕ್ಕ ಅಭ್ಯಾಸ

೧. ನಿಮ್ಮ ಮನೆಯ ಅಥವಾ ಊರಿನ ಹಿರಿಯರನ್ನು ಕೇಳಿರಿ: ಹಿಂದೆ ಬಿತ್ತುತ್ತಿದ್ದ ರಾಗಿಗಳ ಹೆಸರೇನು? ತೆನೆ ಮುಷ್ಟಿಯಂತಿತ್ತೋ, ಬಿಡಿಸಿದ ಬೆರಳಿನಂತಿತ್ತೋ? ಯಾವ ಮಳೆಗೆ ಬಿತ್ತುತ್ತಿದ್ದರು? ಅಕ್ಕಡಿ ಸಾಲಿನಲ್ಲಿ ಏನನ್ನು ಹಾಕುತ್ತಿದ್ದರು? ಹೇಳಿದವರ ಮಾತಿನಲ್ಲಿಯೇ ಬರೆದಿಡಿರಿ.

೨. ಎಲ್ಲಿಯಾದರೂ ಹಳೆಯ ಬೀಜ ಇನ್ನೂ ಇದ್ದರೆ, ಮೇಲೆ ಹೆಸರು, ಊರು, ವರ್ಷ ಬರೆದ ಚೀಟಿಯನ್ನು ಕಟ್ಟಿರಿ. ತಿನ್ನುವ ರಾಗಿ ಬಹುಕಾಲ ಕೆಡದು. ಆದರೆ ಬಿತ್ತುವ ರಾಗಿಯ ಮೊಳೆಯುವ ಶಕ್ತಿ ಕಾಲಕ್ರಮದಲ್ಲಿ ಕುಂದುವುದು. ಆದುದರಿಂದ ಮುಂದಿನ ಮಳೆಗೇ ಒಂದು ಮೂಲೆಯಲ್ಲಿ ಬಿತ್ತಿರಿ.

೩. ಒಂದು ಹಿಡಿಯನ್ನು ಶಾಲೆಗೆ ಕಳುಹಿಸಿಕೊಡಿರಿ. ಮಡಿಯಲ್ಲಿ ಸ್ಥಳವಿದೆ.